ಡಿಸ್ಕ್ ಹಾಕ್ಸಿದ್ರಿ ಸರಿ, ಹ್ಯಾಂಡ್‌ಬ್ರೇಕ್ ಎಲ್ಲಿ?

(1/3)
ನಿನ್ನೆ ಸ್ಟೋರಿ ನೋಡಿ "ಚಕ್ರದ ಹಿಂದೆ ಕಲ್ಲು ಯಾಕೆ ಗುರು?" ಅಂತ ಸುಮಾರು ಜನ ಕೇಳಿದ್ರಿ. ಅದು ನಮ್ಮ ಚಿಕ್ಕಪ್ಪನ ಜಿಪ್ಸಿ ಕಿಂಗ್. ಒಳಗಡೆ ಹೊಳೀತಾ ಇರೋದು ಹೊಸ ಹಿಂದಿನ ಡಿಸ್ಕ್. ಕೆಳಗಿರೋ ಕಲ್ಲು, ಸದ್ಯಕ್ಕೆ ಆ ಗಾಡಿಯ ಹ್ಯಾಂಡ್‌ಬ್ರೇಕ್.

ಚಿಕ್ಕಪ್ಪ ಡ್ರಮ್ ತೆಗೆಸಿ ಡಿಸ್ಕ್ ಹಾಕ್ಸಿದ್ದಕ್ಕೆ ಕಾರಣ ಇತ್ತು. ಸಕಲೇಶಪುರದ ಕಡೆ ತೋಟದ ರಸ್ತೆಯಲ್ಲಿ ಮಳೆಗಾಲಕ್ಕೆ ಗಾಡಿ ಓಡಿಸಿದವರಿಗೆ ಹೇಳೋದೇ ಬೇಡ. ಒಂದು ಹಳ್ಳ ದಾಟಿದ್ರೆ ಡ್ರಮ್ ಒಳಗೆ ನೀರು ಹೋಗುತ್ತೆ, ನೀರಿನ ಜೊತೆ ಕೆಸರು. ಒಳಗೆ ಹೋದದ್ದು ಬೇಗ ಹೊರಗೆ ಬರಲ್ಲ. ಲೈನರ್ ನೆಂದು ಪೆಡಲ್ ಒತ್ತಿದ್ರೂ ಹಿಂದೆ ಹಿಡಿತಾನೇ ಇರಲ್ಲ. ಆಮೇಲೆ ಅದೇ ಕೆಸರು ಒಣಗಿ, ಲೈನರನ್ನೂ ಡ್ರಮ್ಮನ್ನೂ ಒಟ್ಟಿಗೆ ಉಜ್ಜಿ ಸವೆಸುತ್ತೆ. ಡಿಸ್ಕ್ ಹಾಗಲ್ಲ. ಬಯಲಲ್ಲೇ ತಿರುಗುತ್ತೆ, ನೀರು ಎರಚಿ ಹೋಗುತ್ತೆ, ಬೇಗ ಒಣಗುತ್ತೆ. ಪ್ಯಾಡ್ ಎಷ್ಟು ಉಳಿದಿದೆ ಅಂತ ಬಗ್ಗಿ ನೋಡಿದ್ರೆ ಗೊತ್ತಾಗುತ್ತೆ, ಡ್ರಮ್ ಬಿಚ್ಚೋ ಕೆಲಸ ಇಲ್ಲ.

ಇನ್ನೊಂದು ಮಾತು. ಮುಂದಕ್ಕೆ ಹೋಗ್ತಾ ಬ್ರೇಕ್ ಹಾಕಿದ್ರೆ ಭಾರ ಮುಂದಿನ ಚಕ್ರಗಳ ಮೇಲೆ ಬೀಳುತ್ತೆ, ಹಿಂದಿನ ಬ್ರೇಕಿಗೆ ಕೆಲಸ ಕಮ್ಮಿ. ಅದಕ್ಕೇ ಕಂಪನಿಗಳು ಮುಂದೆ ಡಿಸ್ಕ್ ಕೊಟ್ಟು ಹಿಂದೆ ಡ್ರಮ್ಮಲ್ಲೇ ನಿಲ್ಲಿಸೋದು. 2020ರ ಥಾರ್, 2023ರ ಜಿಮ್ನಿ, ಎರಡರಲ್ಲೂ ಹಾಗೇ ಬಂತು. ಆದ್ರೆ ಏರು ಹತ್ತೋಕೆ ಆಗ್ದೆ ಗಾಡಿ ಹಿಂದಕ್ಕೆ ಜಾರೋಕೆ ಶುರುವಾದ್ರೆ ಲೆಕ್ಕ ತಿರುಗಾಮುರುಗಾ. ಆಗ ಭಾರ ಎಲ್ಲ ಹಿಂದೆ, ಕಾಪಾಡಬೇಕಾದದ್ದೂ ಹಿಂದಿನ ಬ್ರೇಕೇ. ಆಫ್‌ರೋಡ್ ಮಾಡೋರು ಹಿಂದೆ ಡಿಸ್ಕ್ ಬೇಕು ಅನ್ನೋದು ಬರೀ ಶೋಕಿಗಲ್ಲ, ಒಪ್ಪಿದೆ.

(2/3)
ಈಗ ನನ್ನ ತಕರಾರಿಗೆ ಬರ್ತೀನಿ.

ಡ್ರಮ್ ಬಿಚ್ಚಿದಾಗ ಅದರ ಜೊತೆ ಇನ್ನೊಂದು ವಸ್ತು ಸದ್ದಿಲ್ದೆ ಹೋಗುತ್ತೆ. ಸೀಟಿನ ಪಕ್ಕದ ಹ್ಯಾಂಡ್‌ಬ್ರೇಕ್ ಲಿವರ್ ಎಳೆದ್ರೆ ಕೇಬಲ್ ಹೋಗಿ ಎಳೀತಾ ಇದ್ದದ್ದು ಅದೇ ಡ್ರಮ್ ಒಳಗಿನ ಶೂಗಳನ್ನ. ಡ್ರಮ್ ಇಲ್ಲ ಅಂದ್ರೆ ಆ ಕೇಬಲ್ಲಿಗೆ ಎಳೆಯೋಕೆ ಏನೂ ಇಲ್ಲ. ಹಳೇ ಗಾಡಿಗಳ ಡಿಸ್ಕ್ ಕೆಲಸಕ್ಕೆ ಸಾಮಾನ್ಯವಾಗಿ ಹಾಕೋದು ಬೇರೆ ಕಾರಿನ ಮುಂದಿನ ಕ್ಯಾಲಿಪರ್, ಕಮ್ಮಿಗೆ ಸಿಗುತ್ತೆ ಅಂತ. ಅದರಲ್ಲಿ ಹ್ಯಾಂಡ್‌ಬ್ರೇಕ್ ಕೇಬಲ್ ಸಿಕ್ಕಿಸೋಕೆ ಜಾಗವೇ ಇರಲ್ಲ.

ನಾನು ಗಾಡಿ ಕೆಳಗೆ ತೂರಿ ನೋಡಿದಾಗ ಎರಡೂ ಕೇಬಲ್ ಸುತ್ತಿ ಚಾಸಿಗೆ ಪ್ಲಾಸ್ಟಿಕ್ ಟೈ ಹಾಕಿ ಕಟ್ಟಿದ್ರು. ನೀಟಾಗಿ.

"ಚಿಕ್ಕಪ್ಪ, ಹ್ಯಾಂಡ್‌ಬ್ರೇಕ್ ಇಲ್ವಲ್ಲ?"
"ಅದೆಂಥದ್ದಕ್ಕೋ ಮಾರಾಯ, ಗೇರಲ್ಲಿ ಹಾಕಿ ನಿಲ್ಲಿಸಿದ್ರೆ ಆಯ್ತು."

ಮೂರು ವಾರ ಆಯ್ತು ಕೂಡ. ಒಂದು ಸಂಜೆ ಕಾಫಿ ಕಣದ ಮೇಲಿನ ಇಳಿಜಾರಲ್ಲಿ ಗಾಡಿ ನಿಲ್ಲಿಸಿ, ಫಸ್ಟ್ ಗೇರ್ ಹಾಕಿ ಒಳಗೆ ಹೋದ್ರು. ಅದಕ್ಕೆ ಮುಂಚೆ ಫೋರ್ ಲೋನಲ್ಲಿ ಏರಿ ಬಂದಿದ್ರು, ಟ್ರಾನ್ಸ್‌ಫರ್ ಕೇಸಿನ ಸಣ್ಣ ಲಿವರನ್ನ ಟೂ ಹೈಗೆ ತಳ್ಳಿದ್ರು. ತಳ್ಳಿದ್ದು ಪೂರ್ತಿ ಹೋಗಿರ್ಲಿಲ್ಲ. ನಡುವಿನ ನ್ಯೂಟ್ರಲ್ಲಲ್ಲಿ ನಿಂತಿತ್ತು. ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲ್ ಆದ್ರೆ ಗೇರ್‌ಬಾಕ್ಸಿಗೂ ಚಕ್ರಕ್ಕೂ ಸಂಬಂಧ ಇಲ್ಲ. ನೀವು ಫಸ್ಟ್ ಹಾಕಿ, ರಿವರ್ಸ್ ಹಾಕಿ, ಗಾಡಿಗೆ ಅದು ಗೊತ್ತೇ ಆಗಲ್ಲ.

ಜಿಪ್ಸಿ ತನ್ನಷ್ಟಕ್ಕೆ ಹಿಂದಕ್ಕೆ ಹೊರಟ್ಟಿತು. ಶಬ್ದ ಇಲ್ಲ, ಇಂಜಿನ್ ಆಫ್ ಅಲ್ವಾ. ಕಣದ ಅಂಚಿನ ಸಿಲ್ವರ್ ಓಕ್ ಮರಕ್ಕೆ ಗುದ್ದಿ ನಿಂತಿತು. ಸ್ಟೆಪ್ನಿ ಒಳಗೆ ಬಾಗಿ ಹಿಂದಿನ ಡೋರ್ ಹೋಯ್ತು, ಅಷ್ಟೇ. ಹತ್ತು ನಿಮಿಷ ಮುಂಚೆ ಅದೇ ಮರದ ಬುಡದಲ್ಲಿ ಲೈನ್ ಮನೆಯ ಇಬ್ಬರು ಮಕ್ಕಳು ಕೂತು ಕಿತ್ತಳೆ ಸುಲಿದು ತಿಂತಾ ಇದ್ರು. ಸಿಪ್ಪೆ ಅಲ್ಲೇ ಬಿದ್ದಿತ್ತು. ಚಿಕ್ಕಪ್ಪ ಆ ರಾತ್ರಿ ಊಟ ಮಾಡ್ಲಿಲ್ಲ.

(3/3)
ಕ್ಲಾಸಲ್ಲಿ ಇದನ್ನ ಹೇಳಿದಾಗ ಒಬ್ಬ "ಅದು ಡ್ರೈವರ್ ತಪ್ಪು, ಡಿಸ್ಕ್ ತಪ್ಪಲ್ಲ" ಅಂದ. ಹೌದಪ್ಪ, ತಪ್ಪು ಡ್ರೈವರದ್ದೇ. ಡ್ರೈವರ್ ತಪ್ಪು ಮಾಡಿದ ದಿನ ಹಿಡಿದು ನಿಲ್ಲಿಸೋಕೆ ಅಂತಾನೇ ಎರಡನೇ ಬ್ರೇಕ್ ಇರೋದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 96ನೇ ನಿಯಮ ಕೇಳೋದೂ ಅದನ್ನೇ: ಕಾಲಿನ ಬ್ರೇಕ್ ಒಂದು, ಪಾರ್ಕಿಂಗ್ ಬ್ರೇಕ್ ಒಂದು, ಒಂದಕ್ಕೊಂದು ಸಂಬಂಧ ಇಲ್ದೆ. ಹಾಗಾಗಿ ನನ್ನ ಪ್ರಕಾರ ಹ್ಯಾಂಡ್‌ಬ್ರೇಕ್ ಇಲ್ಲದ ಡಿಸ್ಕ್ ಕನ್ವರ್ಷನ್ ಅರ್ಧ ಕೆಲಸ ಕೂಡ ಅಲ್ಲ. ಇದ್ದ ಒಂದು ಬ್ರೇಕನ್ನ ಕಿತ್ತು ಹಾಕಿದ ಕೆಲಸ. ಅದಕ್ಕೆ ದುಡ್ಡು ಬೇರೆ.

ದಾರಿ ಇಲ್ಲ ಅಂತಲ್ಲ. ಲಿವರ್ ಇರೋ ಹಿಂದಿನ ಕ್ಯಾಲಿಪರ್ ಸಿಗುತ್ತೆ. ಡಿಸ್ಕಿನ ಮಧ್ಯದ ಟೊಪ್ಪಿ ಒಳಗೆ ಪಾರ್ಕಿಂಗಿಗೆ ಅಂತಲೇ ಚಿಕ್ಕ ಡ್ರಮ್ ಇರೋ ಜಾತಿಯೂ ಇದೆ. ಹಳೇ ವಿಲ್ಲೀಸ್ ಥರದ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕ್ ಚಕ್ರದಲ್ಲೇ ಇರ್ಲಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ ಪ್ರೊಪೆಲ್ಲರ್ ಶಾಫ್ಟ್ ಮೇಲೆ ಇತ್ತು. ಅಂಥ ಗಾಡಿಗೆ ಹಿಂದೆ ಡಿಸ್ಕ್ ಹಾಕೋದು ಸುಲಭ. ಆದ್ರೆ ಅಲ್ಲೂ ಒಂದು ಮೋಸ ಇದೆ: ಹಿಂದಿನ ಒಂದು ಚಕ್ರ ಜಾಕಿ ಮೇಲೆ ಎತ್ತಿದ್ರೆ ಡಿಫರೆನ್ಶಿಯಲ್ ದೆಸೆಯಿಂದ ಆ ಚಕ್ರ ಗಾಳಿಯಲ್ಲಿ ತಿರುಗಿ ಗಾಡಿ ಉರುಳಬಹುದು. ಪಂಕ್ಚರ್ ಹಾಕುವಾಗ ಕಲ್ಲು ಮರೀಬೇಡಿ. ಇನ್ನು ಕೆಲವರು ಬ್ರೇಕ್ ಪೈಪಿಗೆ ಲೈನ್ ಲಾಕ್ ಹಾಕಿ ಅದನ್ನೇ ಪಾರ್ಕಿಂಗ್ ಬ್ರೇಕ್ ಅಂತಾರೆ. ಎಣ್ಣೆಯ ಒತ್ತಡ ನಿಧಾನಕ್ಕೆ ಇಳಿಯುತ್ತೆ, ಗಾಡಿ ರಾತ್ರಿಯಿಡೀ ನಿಂತಿರಬೇಕು. ಅದು ಬೇಡ.

ಬೇರೆ ತಲೆನೋವೂ ಇದೆ. ಕ್ಯಾಲಿಪರ್ ಪಿಸ್ಟನ್ ದಪ್ಪ, ಅದಕ್ಕೆ ಜಾಸ್ತಿ ಎಣ್ಣೆ ಬೇಕು. ಹಳೇ ಮಾಸ್ಟರ್ ಸಿಲಿಂಡರಿಗೆ ಸಾಲದಿದ್ರೆ ಪೆಡಲ್ ತುಂಬಾ ಕೆಳಗೆ ಹೋಗುತ್ತೆ. ಡ್ರಮ್ಮಿಗೆ ಅಂತ ಮಾಡಿದ ಕೆಲವು ಮಾಸ್ಟರ್ ಸಿಲಿಂಡರಲ್ಲಿ ಲೈನಿನಲ್ಲಿ ಸ್ವಲ್ಪ ಒತ್ತಡ ಉಳಿಸೋ ವಾಲ್ವ್ ಇರುತ್ತೆ. ಅದನ್ನ ಹಾಗೇ ಬಿಟ್ರೆ ಪ್ಯಾಡ್ ಡಿಸ್ಕಿಗೆ ಉಜ್ಜುತ್ತಾನೇ ಇರುತ್ತೆ. ಹಿಂದೆ ಹಿಡಿತ ಅತಿಯಾದ್ರೆ ಒದ್ದೆ ಘಾಟಿಯಲ್ಲಿ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಬಾಲ ತಿರುಗುತ್ತೆ. ಎಬಿಎಸ್ ಇರೋ ಹೊಸ ಗಾಡಿ ಆದ್ರಂತೂ ಕೈ ಹಾಕ್ಲೇಬೇಡಿ, ಕಂಪನಿ ಆ ಡ್ರಮ್ಮಿಗೇ ಲೆಕ್ಕ ಕಟ್ಟಿರುತ್ತೆ. ರೀಲಲ್ಲಿ ಇದ್ಯಾವುದೂ ಕಾಣಲ್ಲ, ಕೆಂಪು ಬಣ್ಣದ ಕ್ಯಾಲಿಪರ್ ಮಾತ್ರ ಕಾಣುತ್ತೆ.

"ಎಷ್ಟಾಗುತ್ತೆ ಬ್ರೋ" ಅಂತ ಡಿಎಂ ಮಾಡಿರೋರಿಗೆ: ಲಿವರ್ ಇರೋ ಕ್ಯಾಲಿಪರ್ ಜೊತೆ ಕೇಬಲ್ ಕೆಲಸ ಸೇರಿಸಿ ರೇಟ್ ಕೇಳಿ, ಆಮೇಲೆ ಮಾತಾಡೋಣ. ಆಗಲೇ ಹಾಕ್ಸಿಕೊಂಡಿದ್ರೆ ಇವತ್ತೇ ಒಂದು ಸಣ್ಣ ಇಳಿಜಾರಿಗೆ ಹೋಗಿ, ಹಿಂದೆ ಯಾರೂ ಇಲ್ಲ ಅಂತ ನೋಡ್ಕೊಂಡು, ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಒಂದನ್ನೇ ಎಳೆದು ಪೆಡಲಿಂದ ಕಾಲು ಮೆಲ್ಲಗೆ ಎತ್ತಿ. ಕಾಲು ಪೆಡಲ್ ಮೇಲೇ ಇರ್ಲಿ.

ನಮ್ಮ ಗಾಡಿಗೆ ಕ್ಯಾಲಿಪರ್ ಆರ್ಡರ್ ಆಗಿದೆ, ಮುಂದಿನ ವಾರ ಬರಬಹುದು. ಅಲ್ಲಿವರೆಗೆ ಕಲ್ಲು ಸೀಟಿನ ಕೆಳಗೇ ಇರುತ್ತೆ.