ನರಿಗೆ ಯಾವ ಗುಂಡು ಅಂತ ಕೇಳೋರಿಗೆ



ಮೊನ್ನೆ ಕಡ್ಲಿ ಹೊಲದ ಬದುವಿನ ಮ್ಯಾಲೆ ಕುಂತಾಗ ನಮ್ಮೂರ ಹುಡುಗನೊಬ್ಬ ಮೊಬೈಲ್‌ದಾಗ ವಿಡಿಯೋ ತೋರಿಸಿದ. ಅಮೆರಿಕಾದ ರೈತ ರಾತ್ರಿ ರೈಫಲ್ ಹಿಡಿದು ನರಿ ಹೊಡೀತಾನ, ಅದೇ ರೈಫಲ್‌ನಿಂದ ಕೊಯೋಟಿ ಅನ್ನೋ ಪ್ರಾಣಿನೂ ಹೊಡೀತಾನ. "ಕಾಕಾ, ನಮ್ಮ ನರಿಗೆ ಯಾವ ಗುಂಡು ಬರೋಬ್ಬರಿ?" ಅಂತ ಕೇಳಿದ. ನಕ್ಕು ಬಿಡಬಹುದಿತ್ತು. ಆದರೆ ಆ ಹುಡುಗ ಎರಡು ಕುರಿಮರಿ ಕಳಕೊಂಡಾನ. ಅವನ ಸಿಟ್ಟು ಖರೇನ ಐತಿ. ಅದಕ್ಕ ಉತ್ತರ ಬರೀತೀನಿ.

ಅಮೆರಿಕಾದವರ ಲೆಕ್ಕ ಬ್ಯಾರೆ. ಅಲ್ಲಿ ನರಿ ಚರ್ಮ ಮಾರ್ತಾರ, ಅದಕ್ಕ ಚರ್ಮ ಹರೀಬಾರದು ಅಂತ ಸಣ್ಣ ಗುಂಡು ಬೇಕು. ಕೊಯೋಟಿ ದೊಡ್ಡದು, 10–15 ಕೆಜಿ ತೂಗತೈತಿ, ದೂರದಿಂದ ಹೊಡೀಬೇಕು, ಅದಕ್ಕ ಜೋರಿನ ಗುಂಡು ಬೇಕು. ಎರಡಕ್ಕೂ ಒಂದೇ ರೈಫಲ್ ಸಾಕಾಗಲಿ ಅಂತ .223 ಛಲೋನೋ .243 ಛಲೋನೋ ಅಂತ ಜಗಳಾಡ್ತಾರ. ಅಲ್ಲಿ ಕಾನೂನು ಅದಕ್ಕ ಒಪ್ಪಿಗಿ ಕೊಡತೈತಿ, ಹಂಗಾಗಿ ಅದು ಅವರ ಮಾತು.

ನಮ್ಮದೇನು? ನಾವು ಎರಡು ಪ್ರಾಣಿಗೂ ನರಿ ಅಂತೀವಿ. ಒಂದು ಕಿವಿ ದೊಡ್ಡದಿರೋ, ಬಾಲದ ತುದಿ ಕರೀ ಇರೋ ಸಣ್ಣದು, 2–3 ಕೆಜಿ ತೂಕ. ಇನ್ನೊಂದು ಸಂಜೀಕ ಗುಂಪಾಗಿ ಊಳಿಡೋದು, 8–10 ಕೆಜಿ. ಸಣ್ಣದು ತಿನ್ನೋದು ಇಲಿ, ಮಿಡತಿ, ಗೆದ್ದಲ, ಬಾರಿ ಹಣ್ಣು. ದೊಡ್ಡದೂ ಇಲಿ ಹೆಗ್ಗಣ ತಿಂತೈತಿ. ಕಲ್ಲಂಗಡಿ ಕಡೀತೈತಿ, ಶೇಂಗಾ ಕೆದರತೈತಿ, ಕೋಳಿ ಒಯ್ತೈತಿ, ಒಮ್ಮೊಮ್ಮೆ ಎಳೇ ಮರಿನೂ ಹಿಡೀತೈತಿ. ಇದನ್ನ ನಾನು ಮುಚ್ಚಿಡಂಗಿಲ್ಲ. ಆದರೆ ಇಲಿ ಪಾಷಾಣಕ್ಕ ಪ್ರತಿ ವರ್ಷ ರೊಕ್ಕ ಕೊಡೋ ನಾವು, ಪುಕ್ಕಟೆ ಇಲಿ ಹಿಡಿಯೋದನ್ನ ಹೊಡೀಲಿಕ್ಕೆ ಮತ್ತ ರೊಕ್ಕ ಹಾಕೋದು ಯಾವ ಶಾಣ್ಯಾತನ?

ಈಗ ನನ್ನ ಮಾತು ಕೇಳ್ರಿ. ಹೋದ ವರ್ಷ ನನ್ನ ದಡ್ಡ್ಯಾಗ ಮೂರು ಮರಿ ಹೋದವು. ನಾನೂ ನರಿನ ಅಂದೆ, ನಾನೂ ಬಂದೂಕಿನ ಮಾತಾಡಿದೆ. ಮರುದಿನ ರಾತ್ರಿ ಬ್ಯಾಟರಿ ಹಿಡಿದು ಕಾದು ಕುಂತೆ. ಎರಡು ತಾಸಿಗೆ ಕಣ್ಣು ಮಿಂಚಿದವು. ಕೈಯಾಗ ಬಂದೂಕಿದ್ದರ ಹೊಡೆದೇ ಬಿಡ್ತಿದ್ದೆ. ಹತ್ತಿರ ಬಂದಾಗ ನೋಡಿದರ ನಾಲ್ಕು ನಾಯಿ, ಒಂದರ ಕೊಳ್ಳಾಗ ಕೆಂಪು ಬೆಲ್ಟ್! ನಮ್ಮೂರವೇ. ಅವುಗಳ ಹಿಂದ, ಎರಡು ಹೊಲದಾಚೆ, ಇನ್ನೊಂದು ಬ್ಯಾಟರಿ ಬೆಳಕು ಅಲ್ಲಾಡತಿತ್ತು. ನಮ್ಮ ಬಾಜೂ ಹೊಲದ ಅಣ್ಣ ಮೆಣಸಿನ ಗಿಡಕ್ಕ ನೀರು ತಿರುವಾಕತ್ತಿದ್ದ.

ನನ್ನ ವಾದ ಇಷ್ಟ ನೋಡ್ರಿ. ಎರಿ ಹೊಲ ಅಂದ್ರ ಬಯಲು. ಗುಂಡು ತಡೀಲಿಕ್ಕೆ ದಿಬ್ಬಿಲ್ಲ, ಮರಡಿಲ್ಲ. ರೈಫಲ್‌ನಾಗ ಅತಿ ಸಣ್ಣದು ಅನ್ನೋ .22 ಗುಂಡೂ ಒಂದೂವರೆ ಮೈಲಿ ತನಕ ಹೋಗಬಲ್ಲದು. ನಮಗ ತ್ರೀಫೇಸ್ ಕರೆಂಟ್ ಬರೋದು ರಾತ್ರಿ, ಅಂದ್ರ ನೀರು ಹಾಯ್ಸವರು ಹೊಲದಾಗ ಇರೋದೂ ರಾತ್ರಿ. ಕುರಿ ಹಟ್ಟಿ ಇಳಿದವರು ಮಕ್ಕಳು ಮರಿ ಕಟ್ಟಿಕೊಂಡು ಬಯಲಾಗ ಮಲಗಿರತಾರ. ನರಿಗೆ ಯಾವ ಗುಂಡು ಅಂತ ಕೇಳೋಕಿಂತ ಮೊದಲ, ತಪ್ಪಿದ ಗುಂಡು ಯಾರ ಮನಿಗೆ ಹೋಗತೈತಿ ಅಂತ ಕೇಳ್ರಿ.

ಕಾನೂನಿನ ಮಾತೂ ಹೇಳಿಬಿಡ್ತೀನಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಈ ಎರಡರ ಬೇಟೆನೂ ಅಪರಾಧ. 2022ರ ತಿದ್ದುಪಡಿ 2023ರ ಏಪ್ರಿಲ್ 1ಕ್ಕ ಜಾರಿ ಆದ ಮ್ಯಾಲೆ ಊಳಿಡೋ ನರಿ, ತೋಳದ ಜೋಡಿ ಮೊದಲನೇ ಪಟ್ಟ್ಯಾಗ ಐತಿ. ಕನಿಷ್ಠ 3 ವರ್ಷ, 7 ವರ್ಷದ ತನಕ ಜೈಲು, 25,000 ರೂಪಾಯಿಗೆ ಕಡಿಮಿ ಇಲ್ಲದ ದಂಡ. "ನಮ್ಮಪ್ಪನ ಕಾಲದ ಲೈಸನ್ಸ್ ಐತಿ" ಅನ್ನೋರಿಗೆ ಒಂದು ಮಾತು: ಅದು ಬಂದೂಕು ಇಟ್ಟುಕೊಳ್ಳಾಕ ಲೈಸನ್ಸ್, ಪ್ರಾಣಿ ಹೊಡ್ಯಾಕಲ್ಲ. ಬೆಳೆ ಕಾಯಾಕ ಅಂತ ಕಾಯ್ದೆ ಹೇಳೋದೂ ಮದ್ದು ತುಂಬೋ ನಾಡ ಬಂದೂಕು, ವಿಡಿಯೋದಾಗಿನ ರೈಫಲ್ ಅಲ್ಲ.

"ಹಂಗಾರ ಹಂದಿ?" ಅಂತೀರಿ. ಹಂದಿ ಮಾತು ಬ್ಯಾರೆ. ಕಪ್ಪತಗುಡ್ಡದ ಸೆರಗಿನ್ಯಾಗ ಗೋವಿನಜೋಳ ಬಿತ್ತಿದವರ ಕಣ್ಣೀರು ನನಗೂ ಗೊತ್ತೈತಿ. 2019ರಾಗ ಗುಡ್ಡ ವನ್ಯಜೀವಿ ಧಾಮ ಆತು, ಛಲೋ ಆತು. ಆದರ ಬೆಳೆ ಹಾನಿ ರೊಕ್ಕ ಹೊತ್ತಿಗೆ ಸರಿಯಾಗಿ ಬರಬೇಕು ಅಂತ ಜಗಳಾಡೂಣು, ಅರ್ಜಿ ಕೊಡೂಣು, ನಾನೂ ಬರ್ತೀನಿ. ಹಂದಿ ಮ್ಯಾಲಿನ ಸಿಟ್ಟು ನರಿ ಮ್ಯಾಲೆ ತೀರಿಸಿಕೊಳ್ಳೋದು ಮಾತ್ರ ಬ್ಯಾಡ.

ಮರಿ ಉಳೀಬೇಕಂದ್ರ ಹೊತ್ತು ಮುಳುಗೋದರೊಳಗ ದಡ್ಡಿಗೆ ಬಲಿ ಕಟ್ರಿ, ಬುಡಕ್ಕ ಮುಳ್ಳು ಒತ್ತರಿ. ಕೋಳಿ ಗೂಡಿನ ಬಾಗಿಲಾ ಹಾಕ್ರಿ. ಸತ್ತ ದನ, ಕೋಳಿ ಅಂಗಡಿ ಹೊಲಸು ಊರ ಹೊರಗ ಒಗೀದಂಗ ಪಂಚಾಯ್ತಿಗೆ ಹೇಳ್ರಿ. ನಾಯಿ ಹಿಂಡು ಕಟ್ಟೋದೂ ಅಲ್ಲೇ, ನರಿ ಬರೋದೂ ಅಲ್ಲಿಗೆ. ನಾನು ಇಷ್ಟು ಮಾಡಿದ ಮ್ಯಾಲೆ ಒಂದು ಮರಿನೂ ಹೋಗಿಲ್ಲ.

ಯಾರಿಗರೆ ಅದೃಷ್ಟ ಖುಲಾಯಿಸಿದರ "ಮುಂಜಾನೆ ನರಿ ಮಾರಿ ನೋಡಿ ಎದ್ದಿ ಏನಪಾ" ಅಂತ ಕೇಳೋ ಮಂದಿ ನಾವು. ನಾಳೆ ನಮ್ಮ ಮಕ್ಕಳಿಗೆ ಆ ಮಾರಿ ಮೊಬೈಲ್‌ದಾಗಷ್ಟ ಕಾಣೋದು ಬ್ಯಾಡ. ತಮ್ಮಾ, ನಿನಗ ಉತ್ತರ ಸಿಕ್ತಲ್ಲ? ಗುಂಡಿನ ರೊಕ್ಕದಾಗ ಬಲಿ ತಗೋ. ಕಟ್ಟಾಕ ನಾನು ಬರ್ತೀನಿ.