ಹತ್ತು ಲಾರಿಯ ಧಣಿಗೊಂದು ನ್ಯಾಯ, ಒಂದು ಪಿಕಪ್ಪಿನವನಿಗೊಂದು ನ್ಯಾಯ



ಹೊಟೇಲಿನ ಕೆಲಸ ಬಿಟ್ಟು, ಪ್ರಾವಿಡೆಂಟ್ ಫಂಡಿನ ಹಣದಿಂದ ಹಳೆಯ ಪಿಕಪ್ ಗಾಡಿಯೊಂದನ್ನು ಕೊಂಡು, ಬೆಳಗಿನ ಜಾವ ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿನಿಂದ ತರಕಾರಿ ಹೇರಿ ಹೊಟೇಲುಗಳಿಗೆ ಮುಟ್ಟಿಸುವ ನಮ್ಮವರು ಪುಣೆಯಲ್ಲಿದ್ದಾರೆ. ಅವರಲ್ಲಿ ಹಳೆಯ ಮಹೀಂದ್ರ ಗಾಡಿಯುಳ್ಳವರು ಸಂಘದ ಕಚೇರಿಗೆ ಬಂದು ಕೇಳುವುದು ಒಂದೇ ಪ್ರಶ್ನೆ. ಇಂಜಿನು ಸವೆದಿದೆ, ಗಾಡಿ ಗಟ್ಟಿಯಿದೆ. ಈಚಿನ ಮಾದರಿಯ ಇಂಜಿನನ್ನೂ ಗೇರುಪೆಟ್ಟಿಗೆಯನ್ನೂ ಕೂಡಿಸಬಹುದೇ? ಧಾರಾಳವಾಗಿ ಕೂಡಿಸಬಹುದು ಎಂದು ಮೇಸ್ತ್ರಿ ಹೇಳುತ್ತಾನೆ. ಕೂಡದು ಎಂದು ಕಾಯಿದೆ ಹೇಳುತ್ತದೆ. ಇಂಥ ಬದಲಾವಣೆಗೆ ಸರಕಾರ ನೇರವಾದ ದಾರಿಯೊಂದನ್ನು ಮಾಡಿಕೊಡಬೇಕು, ಅದು ಆಗುವವರೆಗೆ ಕದ್ದು ಮಾಡಿಸಬಾರದು ಎಂಬುದು ನನ್ನ ಅಭಿಪ್ರಾಯ.

ಮೊದಲು ಯಂತ್ರದ ಮಾತು. ಅಮೆರಿಕದ ವಿಲ್ಲಿಸ್ ಜೀಪಿನ ಮಾದರಿಯಲ್ಲಿ ಮಹೀಂದ್ರ ಕಂಪೆನಿಯವರು ಮಾಡಿದ ಹಳೆಯ ಗಾಡಿಗಳಲ್ಲಿ ಇದ್ದುದು ನಾಲ್ಕು ಸಿಲಿಂಡರಿನ ಪೆಟ್ರೋಲ್ ಇಂಜಿನು, ಮುಂದಕ್ಕೆ ಮೂರೇ ಗೇರು. 1973ರಲ್ಲಿ ತೈಲದ ಬೆಲೆ ಏರಿದ ಮೇಲೆ ಅದನ್ನು ಕಿತ್ತು ಡೀಸೆಲ್ ಇಂಜಿನು ಕೂಡಿಸುವ ಕೆಲಸ ದೇಶದಲ್ಲೆಲ್ಲ ನಡೆಯಿತು. ಆದುದರಿಂದ ಇದೇನೂ ಹೊಸ ವಿದ್ಯೆಯಲ್ಲ.

ಆದರೆ ಇಂಜಿನು ಕೂರಿಸಿದೊಡನೆ ಕೆಲಸ ಮುಗಿಯಿತೆಂದು ತಿಳಿಯಬೇಡಿ. ಡೀಸೆಲ್ ಇಂಜಿನು ಪೆಟ್ರೋಲಿನದಕ್ಕಿಂತ ಭಾರ. ಮುಂದಿನ ಸ್ಪ್ರಿಂಗ್ ಪಟ್ಟಿಗಳು ಕುಸಿಯುತ್ತವೆ. ಅದು ನಿಧಾನವಾಗಿ ತಿರುಗಿ ಹೆಚ್ಚು ಎಳೆಯುವ ಯಂತ್ರ. ಹಳೆಯ ಗೇರುಪೆಟ್ಟಿಗೆ ಆ ಎಳೆತಕ್ಕೆಂದು ಮಾಡಿದ್ದಲ್ಲ. ಹಿಂದಿನ ಆಕ್ಸಲಿನ ಹಲ್ಲಿನ ಲೆಕ್ಕವೂ ಬೇಗ ತಿರುಗುವ ಪೆಟ್ರೋಲ್ ಇಂಜಿನಿಗೆ ಹೊಂದಿಸಿದ್ದು. ಹಾಗಾಗಿ ಇಂಜಿನು ಎಷ್ಟು ಅರಚಿದರೂ ಗಾಡಿ ಓಡುವುದಿಲ್ಲ. ಐದು ಗೇರಿನ ಪೆಟ್ಟಿಗೆ ಬೇಕೆನ್ನುವುದು ಇದಕ್ಕೇ. ಪೆಟ್ಟಿಗೆಯ ಉದ್ದ ಬೇರೆಯಾದರೆ ಪ್ರೊಪೆಲ್ಲರ್ ಶಾಫ್ಟನ್ನು ಕತ್ತರಿಸಿ, ಬೆಸೆದು, ನಡುಗದಂತೆ ತೂಕ ಸರಿಮಾಡಬೇಕು. ಕ್ಲಚ್ಚು, ರೇಡಿಯೇಟರು, ಸ್ಪೀಡೋಮೀಟರಿನ ಕೇಬಲ್ಲು ಸಹ ಬದಲು. ಇನ್ನೂ ಈಚಿನ ಕಾಮನ್ ರೈಲ್ ಇಂಜಿನಾದರೆ ಅದರ ಕಂಪ್ಯೂಟರಿನ ಡಬ್ಬಿಯನ್ನೂ ವೈರುಗಳನ್ನೂ ಇಡಿಯಾಗಿ ತರಬೇಕು. ಅವಿಲ್ಲದೆ ಅದು ಸ್ಟಾರ್ಟೇ ಆಗದು.

ಎಲ್ಲಕ್ಕಿಂತ ಮುಖ್ಯವಾದುದು ಬ್ರೇಕು, ಮೇಸ್ತ್ರಿಗಳು ಕೊನೆಗೆ ನೆನೆಸುವುದೂ ಅದನ್ನೇ. ಪೆಟ್ರೋಲ್ ಇಂಜಿನು ಗಾಳಿ ಎಳೆಯುವಾಗ ಹುಟ್ಟುವ ನಿರ್ವಾತವೇ ಬ್ರೇಕಿನ ಬೂಸ್ಟರಿಗೆ ಬಲ ಕೊಡುತ್ತದೆ. ಡೀಸೆಲಿನಲ್ಲಿ ಅದು ಸಾಕಷ್ಟು ಹುಟ್ಟುವುದಿಲ್ಲವಾಗಿ ಬೇರೆ ವ್ಯಾಕ್ಯೂಮ್ ಪಂಪು ಬೇಕು. ಅದನ್ನು ಮರೆತವರ, ಇಲ್ಲವೆ ಬೂಸ್ಟರೇ ಇಲ್ಲದ ಹಳೆಯ ಡ್ರಮ್ ಬ್ರೇಕನ್ನೇ ಉಳಿಸಿಕೊಂಡವರ ಗಾಡಿ ಹೇರು ಹೊತ್ತು ಖಂಬಾಟಕಿ ಘಾಟಿ ಇಳಿಯುವಾಗ ನಿಲ್ಲುವುದು ದೈವೇಚ್ಛೆ. ಮೂಟೆಗಳ ಮೇಲೆ ಮಲಗಿ ಬರುವವನು ಹಮಾಲಿ, ಧಣಿಯಲ್ಲ ಎಂಬುದನ್ನು ಮರೆಯಬಾರದು.

ಈಗ ಕಾಯಿದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ ಆರ್.ಸಿ. ಪುಸ್ತಕದ ವಿವರಗಳು ಕಂಪೆನಿಯವರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸಕೂಡದು. 2019ರ ತಿದ್ದುಪಡಿ ಇದಕ್ಕೆ ಆರು ತಿಂಗಳವರೆಗಿನ ಸಜೆ, ಇಲ್ಲವೆ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ಇಟ್ಟಿತು. ನಮ್ಮ ಸದಸ್ಯರೊಬ್ಬರ ಗಾಡಿ ಅಪಘಾತಕ್ಕೆ ಸಿಕ್ಕಾಗ ವಿಮಾ ಕಂಪೆನಿಯ ಸರ್ವೇಯರು ಮೊದಲು ಬಗ್ಗಿ ನೋಡಿದ್ದು ಇಂಜಿನಿನ ನಂಬರನ್ನು. ಪುಸ್ತಕದ ನಂಬರಿಗೆ ತಾಳೆಯಾಗಲಿಲ್ಲ. ಪರಿಹಾರ ಒಂದು ಕಾಸೂ ಬರಲಿಲ್ಲ. ಇಂಜಿನು ಹಾಕಿಕೊಟ್ಟ ಗ್ಯಾರೇಜಿನವನು ಆ ಗಾಡಿಯ ಪರಿಚಯವೇ ಇಲ್ಲವೆಂದ.

ಅದೇ ಕಲಮಿನಲ್ಲಿ ಇನ್ನೊಂದು ಮಾತುಂಟು. ನಮ್ಮವರು ಅದನ್ನು ಓದಬೇಕು. ಹತ್ತಕ್ಕೆ ಕಡಿಮೆಯಿಲ್ಲದಷ್ಟು ಸಾರಿಗೆ ವಾಹನಗಳುಳ್ಳ ಮಾಲೀಕನು ಅದೇ ಕಂಪೆನಿಯ ಅದೇ ಮಾದರಿಯ ಇಂಜಿನನ್ನು ಮುಂಗಡ ಒಪ್ಪಿಗೆಯಿಲ್ಲದೆ ಬದಲಿಸಲು ರಾಜ್ಯ ಸರಕಾರ ಅನುಮತಿ ಕೊಡಬಹುದು. 14 ದಿನದೊಳಗೆ ಆರ್.ಟಿ.ಓ.ಗೆ ತಿಳಿಸಿದರಾಯಿತು. ಒಂದೇ ಗಾಡಿಯವನು ಮಾತ್ರ ಕೂಲಿ ಕೆಡಿಸಿಕೊಂಡು ಸಂಗಮ್ ಸೇತುವೆಯ ಬಳಿಯ ಕಚೇರಿಗೆ ಮೊದಲೇ ಅಲೆಯಬೇಕು. ಹತ್ತು ಗಾಡಿಯವನ ಮೇಸ್ತ್ರಿಯ ಕೈ ಹೆಚ್ಚು ಶುದ್ಧವೇ?

ಹಳೆಯದನ್ನು ಗುಜರಿಗೆ ಹಾಕಿ ಹೊಸದನ್ನು ಕೊಳ್ಳಿರಿ ಎನ್ನುವವರಿದ್ದಾರೆ. 2021ರ ಗುಜರಿ ನೀತಿಯ ಧೋರಣೆಯೂ ಅದೇ; 2022ರ ಏಪ್ರಿಲಿನಿಂದ 15 ವರ್ಷ ದಾಟಿದ ಗಾಡಿಗಳ ಫಿಟ್‌ನೆಸ್ ಶುಲ್ಕವನ್ನು ಹಲವು ಪಟ್ಟು ಏರಿಸಿದರು. ಹೊಗೆ ಕಡಿಮೆಯಾಗಬೇಕೆಂಬುದು ನಮಗೂ ಒಪ್ಪಿಗೆ. ಆ ಹೊಗೆ ಕುಡಿಯುವವರೂ ನಾವೇ. ಆದರೆ ಹೊಸ ಗಾಡಿಯ ಸಾಲದ ಕಂತು ಕಟ್ಟಲಾರದವನು ಮತ್ತೆ ಅದೇ ಹೊಟೇಲಿನ ಬಾಗಿಲಿಗೆ ಬರಬೇಕಾಗುತ್ತದೆ. ಕಡಿಮೆ ಹೊಗೆಯ ಇಂಜಿನು ಹಳೆಯ ಚಾಸಿಗೆ ಕೂಡಿದರೂ ಸರಕಾರದ ಉದ್ದೇಶ ಸಾಕಷ್ಟು ನೆರವೇರುತ್ತದಲ್ಲವೇ?

ದಾರಿ ಇಲ್ಲದಿಲ್ಲ. ಸಿ.ಎನ್.ಜಿ., ಬ್ಯಾಟರಿಗಳಿಗೆ ಗಾಡಿಯನ್ನು ಬದಲಿಸಲು ಇದೇ 52ನೆಯ ಕಲಮು ಅವಕಾಶ ಕೊಟ್ಟಿದೆ. ಕಿಟ್ಟನ್ನು ಒಮ್ಮೆ ಪರೀಕ್ಷಿಸಿ ಒಪ್ಪಿದರೆ, ಅಧಿಕೃತ ವರ್ಕ್‌ಶಾಪಿನಲ್ಲಿ ಅದೇ ಮಾದರಿಯ ಎಷ್ಟೋ ಗಾಡಿಗಳಿಗೆ ಕೂಡಿಸಬಹುದು. ಪುಣೆಯ ರಿಕ್ಷಾದವರು ಸಿ.ಎನ್.ಜಿ.ಗೆ ಬದಲಾಗುವಾಗ ಮಹಾನಗರಪಾಲಿಕೆ ಸಹಾಯಧನವನ್ನೂ ಕೊಟ್ಟದ್ದುಂಟು. ಹಳೆಯ ಪಿಕಪ್ಪುಗಳಿಗೂ ಇಂಜಿನು, ಗೇರುಪೆಟ್ಟಿಗೆ, ಬ್ರೇಕು ಮೂರೂ ಸೇರಿದ ಒಂದು ಕಿಟ್ಟು ಹೀಗೆಯೇ ಏಕೆ ಬರಬಾರದು? ಪರೀಕ್ಷಿಸಲು ದೂರ ಹೋಗಬೇಕಾಗಿಲ್ಲ. 1966ರಲ್ಲಿ ಸ್ಥಾಪನೆಯಾದ ಎ.ಆರ್.ಎ.ಐ. ಸಂಸ್ಥೆ ಕೋಥರೂಡಿನ ಗುಡ್ಡದ ಮೇಲೆಯೇ ಇದೆ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು ಮೇಲೆ ಬಂದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನ 1946ರಲ್ಲಿ ಇದೇ ಊರಿನ ಖಡಕಿಯಲ್ಲಿ ಆಯಿಲ್ ಇಂಜಿನಿನ ಕಾರಖಾನೆ ತೆರೆಯಿತು. ಇಂಜಿನು ಬಲ್ಲ ಕೈಗಳಿಗೆ ಈ ಊರಿನಲ್ಲಿ ಬರವಿಲ್ಲ.

ಈ ಬೇಡಿಕೆಯನ್ನು ಸಾರಿಗೆ ಆಯುಕ್ತರಿಗೆ ಬರೆದುಕೊಳ್ಳಲು ಸಂಘದಲ್ಲಿ ಅರ್ಜಿ ಸಿದ್ಧವಾಗುತ್ತಿದೆ, ಮರಾಠಿಯಲ್ಲೂ ಬರೆಯಿಸುತ್ತಿದ್ದೇವೆ. ಹಳೆಯ ಗಾಡಿಯುಳ್ಳವರು ಆರ್.ಸಿ. ಪುಸ್ತಕದ ನಕಲನ್ನೂ, ಇಂಜಿನಿನ ಮೇಲೆ ಕೊರೆದಿರುವ ನಂಬರನ್ನೂ ತೆಗೆದುಕೊಂಡು ಸೋಮವಾರ ಮಧ್ಯಾಹ್ನ 3ರಿಂದ 5ರೊಳಗೆ, ಹೊಟೇಲಿನ ಬಿಡುವಿನ ಹೊತ್ತಿನಲ್ಲಿ, ಕಚೇರಿಗೆ ಬರಬೇಕು. ಎರಡೂ ತಾಳೆಯಾಗದವರೂ ಬರಲಿ; ಅವರ ಹೆಸರು ಹೊರಗೆ ಹೋಗುವುದಿಲ್ಲ.