ಮೊದಲು ದುರಸ್ತಿ, ಆಮೇಲೆ ಸುಣ್ಣ



ದೀಪಾವಳಿ ಹತ್ತಿರ ಬಂತೆಂದರೆ ನಮ್ಮ ಹಳ್ಳಿಗಳಲ್ಲಿ ಗೋಡೆಗಳಿಗೆ ಸುಣ್ಣ ಬಳಿಯುವ ಕೆಲಸ ಮೊದಲಾಗುತ್ತದೆ. ಇದು ಒಳ್ಳೆಯ ಪದ್ಧತಿ. ಸುಣ್ಣ ಬೂಷ್ಟನ್ನು ತಡೆಯುತ್ತದೆ, ಕೋಣೆಗೆ ಬೆಳಕು ಕೊಡುತ್ತದೆ. ಆದರೆ ಉದುರುತ್ತಿರುವ ಗಿಲಾವಿನ ಮೇಲೆ, ಇಲಿಯ ಬಿಲದ ಮೇಲೆ, ತೇವದ ಕಲೆಯ ಮೇಲೆ ಸುಣ್ಣವನ್ನೋ ಡಿಸ್ಟೆಂಪರನ್ನೋ ಬಳಿದು ಹಬ್ಬ ಮುಗಿಸುವುದು ಸರಿಯಲ್ಲ. ಒಳಗೋಡೆಯ ದುರಸ್ತಿಯನ್ನು ಯುಗಾದಿಯ ಸುಮಾರಿಗೆ ಮುಗಿಸಿ, ಬಣ್ಣವನ್ನು ದೀಪಾವಳಿಗೆ ಇಟ್ಟುಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಬೆಳೆಯ ವಿಷಯ ಹೇಳಬೇಕಾದವನಿಗೆ ಗೋಡೆಯ ಗೊಡವೆ ಏಕೆಂದು ತಾವು ಕೇಳಬಹುದು. ತಮ್ಮ ಮುಂದಿನ ವರ್ಷದ ಬೆಳೆ ಆ ಗೋಡೆಯ ಪಕ್ಕದಲ್ಲೇ ಚೀಲದಲ್ಲಿರುತ್ತದೆ. ಜೋಳ, ರಾಗಿಯಂಥ ಕಾಳನ್ನು ತೇವಾಂಶ ಶೇಕಡ 12ಕ್ಕೆ ಇಳಿಯುವವರೆಗೆ ಒಣಗಿಸಿ ತುಂಬಿದರೂ, ಹಸಿ ಗೋಡೆಗೆ ತಾಗಿದ ಚೀಲ ಮತ್ತೆ ತೇವ ಹೀರುತ್ತದೆ. ಶೇಂಗಾ ತೇವಗೊಂಡರಂತೂ ಅದಕ್ಕೆ ಹಿಡಿಯುವ ಬೂಷ್ಟು ಅಫ್ಲಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡಬಲ್ಲದು. ಅದು ಮನುಷ್ಯರಿಗೂ ದನಕರುಗಳಿಗೂ ಅಪಾಯಕರ.

ಈ ತಪ್ಪನ್ನು ನಾನೇ ಮಾಡಿದ್ದೇನೆ. ಊರಿನ ನಮ್ಮ ಮನೆಯಲ್ಲಿ ಕಾಳಿನ ಕೋಣೆಯ ಮಣ್ಣುಗೋಡೆ ಮೊಣಕಾಲೆತ್ತರದವರೆಗೆ ಬಿಳಿ ಪುಡಿ ಬಿಡುತ್ತಿತ್ತು. "ಈಗ ಬೇಡಪ್ಪ, ಗೋಡೆ ಒಣಗಲಿ, ಬೇಸಿಗೇಲಿ ನೋಡೋಣ" ಎಂದು ತಾಯಿಯವರು ಹೇಳಿದರು. ನಾನು ಕೇಳಲಿಲ್ಲ. ಹಬ್ಬಕ್ಕೆ ಮುಂಚೆಯೇ ಸಿಮೆಂಟ್ ಗಿಲಾವು ಮಾಡಿಸಿ ಬಣ್ಣ ಹೊಡೆಸಿದೆ. ಎರಡನೆಯ ಮಳೆಗಾಲಕ್ಕೆ ಗಿಲಾವು ಹಲಗೆಯಂತೆ ಕಳಚಿ ಬಿತ್ತು. ಹಿಂದಿನ ಮಣ್ಣು ಉಂಡೆ ಕಟ್ಟುವಷ್ಟು ಹಸಿಯಾಗಿತ್ತು. ಗೋಡೆಗೆ ತಾಗಿದ್ದ ಚೀಲದಿಂದ ನೂರು ಬೀಜ ತೆಗೆದು ಒದ್ದೆ ಗೋಣಿಯಲ್ಲಿ ಸುತ್ತಿಟ್ಟರೆ ಅರ್ಧದಷ್ಟೂ ಮೊಳೆಯಲಿಲ್ಲ. ಸವಳು ಭೂಮಿಯ ಬಗ್ಗೆ ರೈತರಿಗೆ ತಿಳಿಹೇಳುವ ನಾನು ಮನೆಯ ಗೋಡೆಯಲ್ಲಿದ್ದ ಸವಳನ್ನು ಗುರುತಿಸಲಿಲ್ಲ.

ಎರಡರಲ್ಲಿಯೂ ನಡೆಯುವ ಕ್ರಿಯೆ ಒಂದೇ. ತುಂಗಭದ್ರಾ ನೀರಾವರಿ ಪ್ರದೇಶದಲ್ಲಿ ಬಸಿಗಾಲುವೆಯಿಲ್ಲದ ತಗ್ಗಿನ ಹೊಲಗಳನ್ನು ನೋಡಿದವರಿಗೆ ಇದು ತಿಳಿದಿದೆ. ನೆಲದೊಳಗಿನ ನೀರು ಮೇಲೇರಿ ಆವಿಯಾಗುತ್ತದೆ, ಉಪ್ಪು ಮೇಲೆ ಉಳಿಯುತ್ತದೆ. ಗೋಡೆಯ ಬುಡದಿಂದಲೂ ನೀರು ಹೀಗೆಯೇ ಏರುತ್ತದೆ. ಉಪ್ಪು ಹರಳುಗಟ್ಟುವಾಗ ಗಿಲಾವನ್ನು ಒಳಗಿನಿಂದ ಒಡೆಯುತ್ತದೆ. ಸವಳು ಹೊಲಕ್ಕೆ ಮೊದಲು ಬಸಿಗಾಲುವೆ, ಆಮೇಲೆ ಬೀಜ. ಗೋಡೆಗೂ ಇದೇ ನಿಯಮ.

ಆದುದರಿಂದ ಮೊದಲು ತೇವ ಎಲ್ಲಿಂದ ಬರುತ್ತಿದೆ ಎಂಬುದನ್ನು ಕಂಡುಕೊಳ್ಳಿ. ಗೇಣಗಲದ ಪ್ಲಾಸ್ಟಿಕ್ ಹಾಳೆಯ ಅಂಚುಗಳನ್ನು ಗೋಡೆಗೆ ಬಿಗಿಯಾಗಿ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ತೇವ ಗೋಡೆಯೊಳಗಿನದು. ಸೂರಿನ ನೀರು, ಬಚ್ಚಲ ನೀರು ಬುಡದಲ್ಲಿ ನಿಲ್ಲದಂತೆ ಹೊರಗೆ ಇಳಿಜಾರು ಮಾಡಿ. ಗೋಡೆಗೆ ಒತ್ತಿ ಹಾಕಿದ ಗೊಬ್ಬರದ ರಾಶಿಯನ್ನು ದೂರ ಸರಿಸಿ.

ನಂತರ ಗೋಡೆಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದಷ್ಟು ಜಾಗದ ಗಿಲಾವನ್ನು ಕೆತ್ತಿ ತೆಗೆಯಿರಿ. ಉಪ್ಪನ್ನು ಒಣ ಪೊರಕೆಯಿಂದಲೇ ಗುಡಿಸಿ. ನೀರಿನಿಂದ ತೊಳೆದರೆ ಅದು ಕರಗಿ ಮತ್ತೆ ಒಳಸೇರುತ್ತದೆ. ಇಲಿ, ಹೆಗ್ಗಣಗಳ ಬಿಲಕ್ಕೆ ಗಾಜಿನ ಚೂರು ತುಂಬಿ ಗಾರೆಯಿಂದ ಮುಚ್ಚಿ. ಬಿರುಕು ಕಂಡರೆ ಅದರ ಎರಡು ತುದಿಗಳಿಗೂ ಗುರುತು ಹಾಕಿ ದಿನಾಂಕ ಬರೆದಿಡಿ. ಅದು ಬೆಳೆಯುತ್ತಿದ್ದರೆ ದೋಷ ತಳಪಾಯದಲ್ಲಿದೆ. ಎರೆ ನೆಲದ ಮನೆಗಳಲ್ಲಿ ಇದು ಹೆಚ್ಚು. ಮೇಸ್ತ್ರಿಗೆ ತೋರಿಸದೆ ಅಂಥ ಬಿರುಕನ್ನು ಮುಚ್ಚಬೇಡಿ.

ಮಣ್ಣುಗೋಡೆಗೆ ಮಣ್ಣಿನ ಗಿಲಾವೇ ಲೇಸು. ಸಿಮೆಂಟ್ ಅದಕ್ಕೆ ಸರಿಯಾಗಿ ಹಿಡಿಯುವುದಿಲ್ಲ, ಒಳಗಿನ ತೇವವನ್ನೂ ಹೊರಬಿಡುವುದಿಲ್ಲ. ಎರೆಮಣ್ಣು ಒಣಗಿದಾಗ ಬಿರಿಯುವುದರಿಂದ ಕೆಂಪುಮಣ್ಣನ್ನು ಆರಿಸಿ ಮರಳು ಬೆರೆಸಿ. ಕತ್ತರಿಸಿದ ಹುಲ್ಲು ಸೇರಿಸಿ, ಒಂದು ವಾರ ನೆನೆಸಿ ತುಳಿಯಿರಿ. ಕೆತ್ತಿದ ಜಾಗಕ್ಕೆ ನೀರು ಚಿಮುಕಿಸಿ, ತೆಳುವಾಗಿ ಎರಡು ಸಲ ಮೆತ್ತಿ. ಮೊದಲನೆಯದು ಪೂರ್ತಿ ಒಣಗಿದ ಮೇಲೆಯೇ ಎರಡನೆಯದು. ಗೆದ್ದಲಿಗೆಂದು ಹಿಂದೆ ಕೆಲವರು ಈ ಮಣ್ಣಿಗೆ ಬಿ.ಎಚ್.ಸಿ. ಪುಡಿ ಬೆರೆಸುತ್ತಿದ್ದುದುಂಟು. 1997ರಲ್ಲಿಯೇ ಅದು ನಿಷೇಧವಾಗಿದೆ. ಕಾಳು ಇಡುವ ಕೋಣೆಯ ಗೋಡೆಗೆ ಯಾವ ಕೀಟನಾಶಕವನ್ನೂ ಬೆರೆಸಬೇಡಿ.

ಇಷ್ಟಕ್ಕೆಲ್ಲ ಬಿಡುವೆಲ್ಲಿ ಎಂಬ ಮಾತು ಬರುತ್ತದೆ. ದೀಪಾವಳಿಯ ಹೊತ್ತಿಗೆ ನಿಜವಾಗಿಯೂ ಬಿಡುವಿಲ್ಲ. ಮುಂಗಾರಿನ ಕೊಯ್ಲು, ಹಿಂಗಾರಿನ ಬಿತ್ತನೆ ಎರಡೂ ಕೂಡಿಬರುತ್ತವೆ. ಗೋಡೆಯೂ ಮಳೆಗಾಲದ ತೇವವನ್ನು ಹೊತ್ತಿರುತ್ತದೆ. ಒಣಬೇಸಾಯದ ಊರುಗಳಲ್ಲಿ ಯುಗಾದಿಯ ಹೊತ್ತಿಗೆ ಕಣದ ಕೆಲಸ ಮುಗಿದು ಕೈ ಬಿಡುವಾಗಿರುತ್ತದೆ, ಬಿಸಿಲೂ ಇರುತ್ತದೆ. ಬೇಸಿಗೆ ಬೆಳೆ ತೆಗೆಯುವ ನೀರಾವರಿ ರೈತರು ಕಾಳಿನ ಕೋಣೆಯ ಒಂದು ಗೋಡೆಯನ್ನಾದರೂ ಆಗ ಸರಿಪಡಿಸಲಿ. ಮಣ್ಣು, ಹುಲ್ಲು ಹೊಲದಲ್ಲಿಯೇ ಇವೆ. ಬಣ್ಣದ ಡಬ್ಬಿಗೆ ಎರಡು ಸಲ ಕೊಡುವ ಹಣ ಒಂದು ಸಲದ ದುರಸ್ತಿಯಿಂದ ಉಳಿಯುತ್ತದೆ.

ನಮ್ಮ ಮನೆಯ ಆ ಗೋಡೆಯನ್ನು ಕೊನೆಗೆ ತಾಯಿಯವರು ಹೇಳಿದಂತೆಯೇ ಬೇಸಿಗೆಯಲ್ಲಿ ಕೆತ್ತಿ, ಒಣಗಿಸಿ, ಮಣ್ಣು ಮೆತ್ತಿಸಿದೆವು. ಸುಣ್ಣ ಬಳಿದದ್ದು ದೀಪಾವಳಿಗೆ. ಬೀಜದ ಚೀಲಗಳು ಈಗ ಗೋಡೆಯಿಂದ ಮೊಳದಷ್ಟು ದೂರ, ಹಲಗೆಯ ಮೇಲಿವೆ. ತಾವೂ ಈ ಸಲ ಸುಣ್ಣ ಕಲಸುವ ಮೊದಲು ಚೀಲಗಳನ್ನು ಸರಿಸಿ, ಹಿಂದಿನ ಗೋಡೆಯನ್ನೊಮ್ಮೆ ಮುಟ್ಟಿ ನೋಡಿ.